ಮಗುವಿಗೆ ಮೂತ್ರದ ಸೋಂಕು: ಮೊದಲು ಮಾದರಿ, ಆಮೇಲೆ ಆಂಟಿಬಯಾಟಿಕ್

"ಮಗುವಿನ ಜ್ವರ ಇಳಿಯುತ್ತಿಲ್ಲ. ಮನೆಯಲ್ಲಿದ್ದ ಆಂಟಿಬಯಾಟಿಕ್ ಸಿರಪ್ ಎರಡು ದಿನ ಕೊಟ್ಟೆವು. ಈಗ ಮೂತ್ರ ಪರೀಕ್ಷೆ ಮಾಡಿಸಿದರೆ ಏನಾದರೂ ಗೊತ್ತಾಗುತ್ತದೆಯೇ?" ತಂದೆ ತಾಯಂದಿರಿಂದ ನನಗೆ ಪದೇ ಪದೇ ಬರುವ ಪ್ರಶ್ನೆ ಇದು. ಗೊತ್ತಾಗುವ ಸಾಧ್ಯತೆ ಕಡಿಮೆ. ಆಂಟಿಬಯಾಟಿಕ್‌ನ ಒಂದೆರಡು ಡೋಸ್ ಹೊಟ್ಟೆಗೆ ಹೋದರೆ ಸಾಕು, ಮೂತ್ರದಲ್ಲಿರುವ ಬ್ಯಾಕ್ಟೀರಿಯಾ ಪ್ರಯೋಗಾಲಯದಲ್ಲಿ ಬೆಳೆಯದೆ ಹೋಗಬಹುದು. ವರದಿ 'ಬೆಳವಣಿಗೆ ಇಲ್ಲ' ಎಂದು ಬರುತ್ತದೆ. ಸೋಂಕು ಇತ್ತೇ, ಇದ್ದರೆ ಯಾವ ಬ್ಯಾಕ್ಟೀರಿಯಾ, ಅದು ಯಾವ ಔಷಧಿಗೆ ಬಗ್ಗುತ್ತದೆ ಎಂಬ ಮೂರೂ ಪ್ರಶ್ನೆಗಳಿಗೆ ಆಮೇಲೆ ಉತ್ತರ ಸಿಗುವುದಿಲ್ಲ. ಹಾಗಾಗಿ ಈ ಲೇಖನದಲ್ಲಿ ನಾನು ಹೆಚ್ಚು ಒತ್ತಿ ಹೇಳುವುದು ಒಂದೇ ಮಾತನ್ನು: ಆಂಟಿಬಯಾಟಿಕ್‌ನ ಮೊದಲ ಡೋಸ್‌ಗೆ ಮುಂಚೆ ಮೂತ್ರದ ಮಾದರಿ ತೆಗೆಯಿರಿ.

ಸೋಂಕು ಆಗುವುದು ಹೀಗೆ. ಮಲದ್ವಾರದ ಸುತ್ತ ಇರುವ ಕರುಳಿನ ಬ್ಯಾಕ್ಟೀರಿಯಾ, ಬಹುಪಾಲು ಇ. ಕೋಲಿ, ಮೂತ್ರದ್ವಾರದ ಮೂಲಕ ಮೇಲಕ್ಕೆ ಹತ್ತುತ್ತದೆ. ಮೂತ್ರಕೋಶದಲ್ಲೇ ನಿಂತರೆ ಉರಿ, ಮತ್ತೆ ಮತ್ತೆ ಮೂತ್ರಕ್ಕೆ ಹೋಗಬೇಕೆನಿಸುವುದು, ಕಿಬ್ಬೊಟ್ಟೆ ನೋವು ಕಾಣಿಸಿಕೊಳ್ಳುತ್ತವೆ. ಅಲ್ಲಿಂದ ಮೇಲೇರಿ ಮೂತ್ರಪಿಂಡ ಮುಟ್ಟಿದರೆ ಜ್ವರ, ಚಳಿ, ವಾಂತಿ, ಪಕ್ಕೆನೋವು ಬರುತ್ತವೆ. ಈ ಎರಡನೆಯದನ್ನು ವೈದ್ಯರು ಪೈಲೋನೆಫ್ರೈಟಿಸ್ ಎನ್ನುತ್ತಾರೆ. ಇದಕ್ಕೆ ಚಿಕಿತ್ಸೆ ಎರಡು ಮೂರು ದಿನ ತಡವಾದರೂ ಮೂತ್ರಪಿಂಡದ ಮೇಲೆ ಗಾಯದ ಕಲೆ ಉಳಿಯುವ ಅಪಾಯ ಏರುತ್ತದೆ. ಕಲೆ ದೊಡ್ಡದಾಗಿದ್ದರೆ ಮುಂದೆ ರಕ್ತದೊತ್ತಡ ಏರಬಹುದು, ಮೂತ್ರಪಿಂಡದ ಶಕ್ತಿ ಕುಂದಬಹುದು. ಇದೇನೂ ಅಪರೂಪದ ಕಾಯಿಲೆಯಲ್ಲ. ಏಳು ವರ್ಷ ತುಂಬುವುದರೊಳಗೆ ಹೆಣ್ಣುಮಕ್ಕಳಲ್ಲಿ ನೂರಕ್ಕೆ ಸುಮಾರು 8 ಮಂದಿಗೆ, ಗಂಡುಮಕ್ಕಳಲ್ಲಿ ನೂರಕ್ಕೆ ಸುಮಾರು 2 ಮಂದಿಗೆ ಒಮ್ಮೆಯಾದರೂ ಬರುತ್ತದೆ.

1. ಅನುಮಾನ ಯಾವಾಗ ಬರಬೇಕು

ಮಾತು ಬರುವ ಮಗು ಉರಿ ಎಂದು ಅಳುತ್ತದೆ, ಒಂದಕ್ಕೆ ಹೋಗಲು ಹೆದರುತ್ತದೆ, ಹೋದರೂ ನಾಲ್ಕು ಹನಿ ಮಾತ್ರ ಬರುತ್ತದೆ. ರಾತ್ರಿ ಹಾಸಿಗೆ ಒದ್ದೆ ಮಾಡುವುದನ್ನು ನಿಲ್ಲಿಸಿದ್ದ ಮಗು ಮತ್ತೆ ಶುರು ಮಾಡಿದರೆ ಅದೂ ಸುಳಿವೇ. ಈ ವಯಸ್ಸಿನಲ್ಲಿ ಗುರುತಿಸುವುದು ಅಷ್ಟು ಕಷ್ಟವಲ್ಲ.

ಕಷ್ಟ ಇರುವುದು ಹಸುಳೆಗಳಲ್ಲಿ. ಎರಡು ವರ್ಷದೊಳಗಿನ ಮಗುವಿಗೆ ಉರಿ ಎಂದು ಹೇಳಲು ಬರುವುದಿಲ್ಲ. ಎಷ್ಟೋ ಸಲ ಜ್ವರವೊಂದೇ ಲಕ್ಷಣ. ಮೈ 100.4 ಡಿಗ್ರಿ ಫ್ಯಾರನ್‌ಹೀಟ್ ದಾಟಿದೆ, ಮೂಗು ಸೋರುತ್ತಿಲ್ಲ, ಕೆಮ್ಮಿಲ್ಲ, ಭೇದಿಯಿಲ್ಲ, ಕಿವಿ ಗಂಟಲು ಸರಿಯಾಗಿವೆ ಎಂದಾದರೆ ಮೂತ್ರ ಪರೀಕ್ಷೆ ಮಾಡಿಸಲೇಬೇಕು. ಹಾಲು ಕುಡಿಯದಿರುವುದು, ಬಿಡದೆ ವಾಂತಿ, ತೂಕ ಏರದಿರುವುದು, ನವಜಾತ ಶಿಶುವಿನಲ್ಲಿ ಹಳದಿ ಕಾಮಾಲೆ ಇಳಿಯದಿರುವುದು ಕೂಡ ಇದೇ ಸೋಂಕಿನ ಮುಖಗಳಾಗಿರಬಹುದು. ಮೊದಲ ಕೆಲವು ತಿಂಗಳಲ್ಲಿ ಗಂಡುಮಕ್ಕಳಿಗೂ ಹೆಣ್ಣುಮಕ್ಕಳಷ್ಟೇ, ಇಲ್ಲವೇ ಇನ್ನೂ ಹೆಚ್ಚಾಗಿ ಬರುತ್ತದೆ. 'ಗಂಡು ಮಗುವಿಗೆ ಇದೆಲ್ಲ ಬರುವುದಿಲ್ಲ' ಎಂಬ ಮಾತಿನಲ್ಲಿ ಹುರುಳಿಲ್ಲ.

ಇಲ್ಲಿ ನಮ್ಮ ಮನೆಗಳಲ್ಲಿ ಆಗುವ ಮೊದಲ ಎಡವಟ್ಟು 'ಉಷ್ಣ' ಎಂಬ ತೀರ್ಮಾನ. ಹೊಕ್ಕುಳಿಗೆ ಹರಳೆಣ್ಣೆ ಹಚ್ಚಿ, ಜೀರಿಗೆ ನೀರು, ಬಾರ್ಲಿ ನೀರು, ಎಳನೀರು ಕೊಟ್ಟು ಎರಡು ದಿನ ನೋಡೋಣ ಎನ್ನುತ್ತಾರೆ. ಬಿಸಿಲಿನಲ್ಲಿ ಆಡಿ ಬಂದ, ನೀರು ಕಡಿಮೆ ಕುಡಿದ ಮಗುವಿಗೆ ಮೂತ್ರ ಗಟ್ಟಿಯಾಗಿ ಉರಿಯುವುದು ನಿಜ, ನೀರು ಕುಡಿದರೆ ಆ ಉರಿ ಇಳಿಯುವುದೂ ನಿಜ. ದೊಡ್ಡ ಮಗು, ಜ್ವರವಿಲ್ಲ, ಒಂದು ದಿನದ ಉರಿ ಎಂದಾದರೆ ನೀರು ಕುಡಿಸಿ ನೋಡಿ. ಆದರೆ ಜ್ವರ ಇದ್ದರೆ ಅದು ಉಷ್ಣವಲ್ಲ, ಕಾಯುವಂತಿಲ್ಲ. ಆರು ತಿಂಗಳೊಳಗಿನ ಕೂಸಿಗೆ ಎದೆಹಾಲು ಬಿಟ್ಟು ಬಾರ್ಲಿ ನೀರನ್ನೂ ಕೊಡಬಾರದು, ಜೀರಿಗೆ ನೀರನ್ನೂ ಕೊಡಬಾರದು. ಔಷಧಿ ಅಂಗಡಿಯಲ್ಲಿ ಕೇಳಿದ ಕೂಡಲೇ ಸಿಗುವ, ಮೂತ್ರದ ಆಮ್ಲತೆ ತಗ್ಗಿಸುವ ಸಿಟ್ರೇಟ್ ಸಿರಪ್ ಉರಿಯನ್ನು ತುಸು ಕಡಿಮೆ ಮಾಡಬಹುದು, ಬ್ಯಾಕ್ಟೀರಿಯಾವನ್ನು ಕೊಲ್ಲುವುದಿಲ್ಲ.

ಉರಿ ಎಂದ ಮಾತ್ರಕ್ಕೆ ಸೋಂಕು ಎಂದೂ ಅಲ್ಲ. ಸೋಪಿನ ನೊರೆ ತಾಗಿ ಹೆಣ್ಣುಮಕ್ಕಳ ಯೋನಿಯ ಸುತ್ತ ಚರ್ಮ ಕೆಂಪಾಗುವುದು, ರಾತ್ರಿ ಮಲದ್ವಾರದಲ್ಲಿ ತುರಿಸುವ ದಾರದಂಥ ಹುಳು, ಒದ್ದೆ ಚಡ್ಡಿಯ ಗುಳ್ಳೆ ಇವೆಲ್ಲ ಹಾಗೆಯೇ ಉರಿಸುತ್ತವೆ. ಮೂತ್ರಕ್ಕೆ ವಾಸನೆ ಇದೆ ಎಂಬುದೊಂದನ್ನೇ ಹಿಡಿದು ಆಂಟಿಬಯಾಟಿಕ್ ಕೊಡುವುದು ತಪ್ಪು.

ಕೆಳಗಿನ ಯಾವುದಾದರೂ ಒಂದು ಇದ್ದರೆ ಅಪಾಯಿಂಟ್‌ಮೆಂಟ್‌ಗೆ ಕಾಯದೆ ಆಸ್ಪತ್ರೆಗೆ ಹೊರಡಿ:
- ಮಗು ಮೂರು ತಿಂಗಳಿಗಿಂತ ಚಿಕ್ಕದು, ಜ್ವರ ಇದೆ.
- ಕುಡಿದದ್ದೆಲ್ಲ ವಾಂತಿಯಾಗುತ್ತಿದೆ, ಅಥವಾ ಮಗು ಮಂಕಾಗಿ ಎಬ್ಬಿಸಿದರೂ ಏಳುತ್ತಿಲ್ಲ.
- ಎಂಟು ಗಂಟೆಯಿಂದ ಮೂತ್ರವೇ ಹೋಗಿಲ್ಲ, ಅಥವಾ ಕಿಬ್ಬೊಟ್ಟೆ ಉಬ್ಬಿ ಗಟ್ಟಿಯಾಗಿದೆ.
- ಗಂಡು ಮಗುವಿನ ಮೂತ್ರ ಧಾರೆಯಾಗಿ ಬರದೆ ಸದಾ ತೊಟ್ಟಿಕ್ಕುತ್ತದೆ. ಮೂತ್ರದ ದಾರಿಯಲ್ಲಿ ಹುಟ್ಟಿನಿಂದಲೇ ಅಡ್ಡಪೊರೆ ಇದ್ದರೆ ಹೀಗಾಗುತ್ತದೆ.

2. ಮಾದರಿ ತೆಗೆಯುವುದು

ಇಡೀ ಕೆಲಸ ನಿಂತಿರುವುದು ಈ ಹಂತದ ಮೇಲೆ. ಬೇಕಾದದ್ದು ಪ್ರಯೋಗಾಲಯದಿಂದ ತಂದ, ಸೀಲು ಒಡೆಯದ ಸ್ಟೆರೈಲ್ ಡಬ್ಬಿ. ಸ್ಟೆರೈಲ್ ಎಂದರೆ ಯಾವ ಸೂಕ್ಷ್ಮಾಣುವೂ ಇಲ್ಲದಂತೆ ಶುದ್ಧಗೊಳಿಸಿದ್ದು. ತೊಳೆದ ಜಾಮ್ ಬಾಟಲಿ, ಹಳೆಯ ಔಷಧಿ ಸೀಸೆ, ಊಟದ ಡಬ್ಬಿ ಬೇಡ.

ಹೇಳಿದ್ದು ಕೇಳುವ ಮಗುವಾದರೆ ನಡುಧಾರೆಯ ಮೂತ್ರ ಹಿಡಿಯಿರಿ. ನಿಮ್ಮ ಕೈ ತೊಳೆದುಕೊಳ್ಳಿ. ಮಗುವಿನ ಮೂತ್ರದ್ವಾರದ ಸುತ್ತ ಬರೀ ನೀರಿನಿಂದ ತೊಳೆದು ಒರೆಸಿ. ಡೆಟಾಲ್, ಸೋಪು ಬೇಡ, ಅದರ ಅಂಶ ಮಾದರಿಗೆ ಬೆರೆತರೆ ಫಲಿತಾಂಶ ಕೆಡುತ್ತದೆ. ಹೆಣ್ಣು ಮಗುವಾದರೆ ಕಾಲು ಅಗಲಿಸಿ ಕೂರಿಸಿ. ಮೊದಲ ಧಾರೆ ನೆಲಕ್ಕೆ ಹೋಗಲಿ, ನಡುವಿನದನ್ನು ಡಬ್ಬಿಯಲ್ಲಿ ಹಿಡಿಯಿರಿ, ಕೊನೆಯದನ್ನು ಬಿಡಿ. ಮುಚ್ಚಳವನ್ನು ಅಂಗಾತ ಇಡಿ, ಒಳಭಾಗಕ್ಕೆ ಬೆರಳು ತಾಗದಿರಲಿ.

ಕೂಸಾದರೆ ತಾಳ್ಮೆ ಬೇಕು. ಹಾಲು ಕುಡಿಸಿ ಇಪ್ಪತ್ತು ಇಪ್ಪತ್ತೈದು ನಿಮಿಷ ಬಿಟ್ಟು, ತೊಳೆದು, ಡೈಪರ್ ಇಲ್ಲದೆ ತೊಡೆಯ ಮೇಲೆ ಮಲಗಿಸಿಕೊಳ್ಳಿ. ಇನ್ನೊಬ್ಬರು ಡಬ್ಬಿ ಹಿಡಿದು ಸಿದ್ಧವಾಗಿರಲಿ. ತಣ್ಣಗಿನ ದ್ರವದಲ್ಲಿ ನೆನೆಸಿದ ಗಾಜ್ ಬಟ್ಟೆಯಿಂದ ಕಿಬ್ಬೊಟ್ಟೆಯನ್ನು ವೃತ್ತಾಕಾರವಾಗಿ ಮೆತ್ತಗೆ ಉಜ್ಜಿದರೆ ಮೂತ್ರ ಬೇಗ ಬರುತ್ತದೆ. ಆಸ್ಟ್ರೇಲಿಯಾದಲ್ಲಿ ನಡೆದು 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಒಂದು ತಿಂಗಳಿಂದ ಒಂದು ವರ್ಷದ ಕೂಸುಗಳ ಪೈಕಿ ಹೀಗೆ ಉಜ್ಜಿದಾಗ 31% ಕೂಸುಗಳು ಐದು ನಿಮಿಷದೊಳಗೆ ಮೂತ್ರ ಮಾಡಿದವು. ಸುಮ್ಮನೆ ಕಾದಾಗ 12% ಮಾತ್ರ. ಖರ್ಚಿಲ್ಲದ, ನೋವಿಲ್ಲದ ಉಪಾಯ.

ಇನ್ನು ಬ್ಯಾಗ್ ವಿಷಯ. ಕೂಸಿನ ಮೂತ್ರದ್ವಾರಕ್ಕೆ ಅಂಟಿಸುವ ಪ್ಲಾಸ್ಟಿಕ್ ಚೀಲವನ್ನು ಎಷ್ಟೋ ಕಡೆ ಇನ್ನೂ ಬಳಸುತ್ತಾರೆ. ಅದರಲ್ಲಿ ಚರ್ಮದ ಮೇಲಿನ, ಮಲದ ಬ್ಯಾಕ್ಟೀರಿಯಾ ಸುಲಭವಾಗಿ ಬೆರೆಯುತ್ತದೆ. ಬ್ಯಾಗ್ ಮೂತ್ರದ ಕಲ್ಚರ್‌ನಲ್ಲಿ, ಅಂದರೆ ಪ್ರಯೋಗಾಲಯದಲ್ಲಿ ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಪರೀಕ್ಷೆಯಲ್ಲಿ, ಏನೂ ಬೆಳೆಯದಿದ್ದರೆ ಸೋಂಕಿಲ್ಲ ಎಂದು ನಂಬಬಹುದು. ಬೆಳೆದರೆ ಮಾತ್ರ ಅದನ್ನು ನಂಬಿ ಚಿಕಿತ್ಸೆ ಕೊಡಲಾಗದು. ಹತ್ತಿಯಿಂದ ಹಿಂಡಿದ, ಡೈಪರ್‌ನಿಂದ ತೆಗೆದ ಮೂತ್ರವೂ ಕಲ್ಚರ್‌ಗೆ ಬೇಡ.

ಮಗು ತುಂಬ ಬಳಲಿದ್ದು ಔಷಧಿ ತಕ್ಷಣ ಶುರು ಮಾಡಬೇಕಾದರೆ ವೈದ್ಯರು ಕ್ಯಾಥೆಟರ್, ಅಂದರೆ ತೆಳುವಾದ ಮೃದು ನಳಿಕೆ ಹಾಕಿ ಮೂತ್ರ ತೆಗೆಯುತ್ತಾರೆ. ತಂದೆ ತಾಯಂದಿರು ಬೇಡವೆನ್ನುವುದು ಇಲ್ಲೇ. ದಯವಿಟ್ಟು ಒಪ್ಪಿಕೊಳ್ಳಿ. ಕೆಲವೇ ನಿಮಿಷದ ಕಿರಿಕಿರಿ; ಸಿಗುವ ಉತ್ತರ ಸ್ಪಷ್ಟ.

ತೆಗೆದ ಮೂತ್ರ ಒಂದು ಗಂಟೆಯೊಳಗೆ ಪ್ರಯೋಗಾಲಯ ತಲುಪಬೇಕು. ಆಗದಿದ್ದರೆ ಫ್ರಿಜ್ಜಿನ ಕೆಳಭಾಗದಲ್ಲಿಡಿ, ಫ್ರೀಜರ್‌ನಲ್ಲಿ ಅಲ್ಲ. ಒಯ್ಯುವಾಗ ಐಸ್ ಪ್ಯಾಕ್ ಜೊತೆಗಿರಲಿ. ಹಳ್ಳಿಯಿಂದ ತಾಲ್ಲೂಕು ಕೇಂದ್ರಕ್ಕೆ ಬಸ್ಸಿನಲ್ಲಿ ಡಬ್ಬಿ ಒಯ್ಯುವುದಕ್ಕಿಂತ ಮಗುವನ್ನೇ ಕರೆದೊಯ್ದು ಅಲ್ಲಿಯೇ ಮಾದರಿ ಕೊಡುವುದು ಲೇಸು. ಸೆಕೆಯ ದಿನ ಎರಡು ಗಂಟೆ ಬ್ಯಾಗಿನಲ್ಲಿ ಕೂತ ಮೂತ್ರದಲ್ಲಿ ಬ್ಯಾಕ್ಟೀರಿಯಾ ತಾನಾಗಿ ದುಪ್ಪಟ್ಟು ಮುಪ್ಪಟ್ಟು ಆಗಿರುತ್ತದೆ.

3. ವರದಿ ಓದುವುದು

ಎರಡು ಪರೀಕ್ಷೆ ಬೇರೆ ಬೇರೆ ಎಂಬುದು ಮೊದಲು ತಿಳಿದಿರಲಿ. 'ಯೂರಿನ್ ರೂಟೀನ್' ಅದೇ ದಿನ ಬರುತ್ತದೆ, ಸುಳಿವು ಕೊಡುತ್ತದೆ. 'ಯೂರಿನ್ ಕಲ್ಚರ್' ಎರಡು ಮೂರು ದಿನ ತೆಗೆದುಕೊಳ್ಳುತ್ತದೆ, ತೀರ್ಪು ಕೊಡುತ್ತದೆ. ಚೀಟಿಯಲ್ಲಿ ರೂಟೀನ್ ಮಾತ್ರ ಬರೆದಿದ್ದರೆ 'ಕಲ್ಚರ್ ಬೇಡವೇ ಡಾಕ್ಟರ್?' ಎಂದು ಕೇಳಿ, ಸಂಕೋಚ ಬೇಡ.

ರೂಟೀನ್ ವರದಿಯಲ್ಲಿ 'ಪಸ್ ಸೆಲ್ಸ್' ಎಂದರೆ ಕೀವಿನ ಕಣಗಳು, ಅಂದರೆ ಸೋಂಕಿನ ವಿರುದ್ಧ ಹೋರಾಡುವ ಬಿಳಿ ರಕ್ತಕಣಗಳು. ಸೂಕ್ಷ್ಮದರ್ಶಕದ ಒಂದು ನೋಟಕ್ಕೆ 5ಕ್ಕಿಂತ ಹೆಚ್ಚಿದ್ದರೆ ಅನುಮಾನ ಬಲವಾಗುತ್ತದೆ. ಆದರೆ ಬೇರೆ ಕಾರಣದ ಜ್ವರದಲ್ಲೂ ಅವು ಏರಬಹುದು. 'ಎಪಿಥೀಲಿಯಲ್ ಸೆಲ್ಸ್' ಬಹಳ ಇವೆ ಎಂದರೆ ಮಾದರಿಗೆ ಚರ್ಮದ ಕಣಗಳು ಬೆರೆತಿವೆ, ಸಂಗ್ರಹ ಸರಿಯಾಗಿಲ್ಲ ಎಂದರ್ಥ. 'ನೈಟ್ರೈಟ್' ಪಾಸಿಟಿವ್ ಬಂದರೆ ಸೋಂಕು ಇರುವ ಸಂಭವ ಬಹಳ ಹೆಚ್ಚು. ನೆಗೆಟಿವ್ ಬಂದರೆ ಮಾತ್ರ ನಿರಾಳವಾಗಬೇಡಿ. ಬ್ಯಾಕ್ಟೀರಿಯಾ ನೈಟ್ರೈಟ್ ತಯಾರಿಸಲು ಮೂತ್ರವು ಮೂತ್ರಕೋಶದಲ್ಲಿ ಸುಮಾರು ನಾಲ್ಕು ಗಂಟೆ ನಿಂತಿರಬೇಕು. ಗಂಟೆಗೊಮ್ಮೆ ಡೈಪರ್ ಒದ್ದೆ ಮಾಡುವ ಕೂಸಿನಲ್ಲಿ ಅಷ್ಟು ಹೊತ್ತು ಅದು ನಿಲ್ಲುವುದೇ ಇಲ್ಲ.

ಕಲ್ಚರ್ ವರದಿಯಲ್ಲಿ ನೋಡಬೇಕಾದದ್ದು ಮೂರು. ಒಂದು, ಸಂಖ್ಯೆ: ನಡುಧಾರೆಯ ಮೂತ್ರವಾದರೆ ಒಂದು ಮಿಲಿಲೀಟರ್‌ಗೆ ಒಂದು ಲಕ್ಷಕ್ಕಿಂತ ಹೆಚ್ಚು ಎಂಬುದು ವಾಡಿಕೆಯ ಗಡಿ, ಕ್ಯಾಥೆಟರ್‌ನಿಂದ ತೆಗೆದಿದ್ದರೆ ಇದಕ್ಕಿಂತ ಕಡಿಮೆಯಿದ್ದರೂ ಲೆಕ್ಕಕ್ಕೆ ಬರುತ್ತದೆ. ಎರಡು, ಹೆಸರು: ಒಂದೇ ಬ್ಯಾಕ್ಟೀರಿಯಾ ಇರಬೇಕು. 'ಮಿಕ್ಸೆಡ್ ಗ್ರೋತ್' ಎಂದಿದ್ದರೆ ಸಾಮಾನ್ಯವಾಗಿ ಮಾದರಿ ಕೆಟ್ಟಿದೆ, ಮತ್ತೆ ಕೊಡಬೇಕು. ಮೂರು, ಔಷಧಿಗಳ ಪಟ್ಟಿಯ ಮುಂದಿನ ಅಕ್ಷರ: ಎಸ್ ಎಂದರೆ ಆ ಔಷಧಿಗೆ ಬಗ್ಗುತ್ತದೆ, ಆರ್ ಎಂದರೆ ಬಗ್ಗುವುದಿಲ್ಲ. ಕೆಳಗೆ 'ಇಎಸ್‌ಬಿಎಲ್' ಎಂದು ಬರೆದಿದ್ದರೆ, ಸಾಮಾನ್ಯವಾಗಿ ಕೊಡುವ ಹಲವು ಆಂಟಿಬಯಾಟಿಕ್‌ಗಳನ್ನು ಒಡೆದುಹಾಕುವ ಕಿಣ್ವ ಆ ಬ್ಯಾಕ್ಟೀರಿಯಾದಲ್ಲಿದೆ ಎಂದರ್ಥ. ನಮ್ಮ ದೇಶದಲ್ಲಿ ಇದು ಈಗ ಅಪರೂಪವಲ್ಲ. ಚೀಟಿಯಿಲ್ಲದೆ ಕೊಂಡು ಅರ್ಧಕ್ಕೇ ಬಿಟ್ಟ ಆಂಟಿಬಯಾಟಿಕ್‌ಗಳ ಪಾಲು ಇದರಲ್ಲಿ ದೊಡ್ಡದು.

ಒಂದು ಎಚ್ಚರಿಕೆ. ಯಾವ ತೊಂದರೆಯೂ ಇಲ್ಲದ ಮಗುವಿನ ಮೂತ್ರದಲ್ಲಿ ಬ್ಯಾಕ್ಟೀರಿಯಾ ಬೆಳೆದರೆ ಅದಕ್ಕೆ ಸಾಮಾನ್ಯವಾಗಿ ಚಿಕಿತ್ಸೆ ಬೇಕಿಲ್ಲ. ನಾವು ಗುಣಪಡಿಸುವುದು ಮಗುವನ್ನು, ವರದಿಯನ್ನಲ್ಲ.

4. ಚಿಕಿತ್ಸೆಯ ದಿನಗಳು

ಮಾದರಿ ಹೋದ ಕೂಡಲೇ, ಕಲ್ಚರ್‌ಗೆ ಕಾಯದೆ, ವೈದ್ಯರು ಅಂದಾಜಿನ ಮೇಲೆ ಆಂಟಿಬಯಾಟಿಕ್ ಶುರು ಮಾಡುತ್ತಾರೆ. ವರದಿ ಬಂದಾಗ ಅಗತ್ಯವಿದ್ದರೆ ಬದಲಿಸುತ್ತಾರೆ. ಎಳೆಯ ಹಸುಳೆ, ವಾಂತಿ ನಿಲ್ಲದ ಮಗು, ತೀರಾ ಬಳಲಿದ ಮಗುವಿಗೆ ಆಸ್ಪತ್ರೆಯಲ್ಲಿ ರಕ್ತನಾಳದ ಮೂಲಕ ಕೊಡಬೇಕು. ಉಳಿದವರಿಗೆ ಬಾಯಿಯ ಔಷಧಿ ಸಾಕು, ಇಂಜೆಕ್ಷನ್‌ಗಾಗಿ ಪಟ್ಟು ಹಿಡಿಯಬೇಡಿ. ಜ್ವರ ಸಹಿತ ಸೋಂಕಿಗೆ ಸಾಮಾನ್ಯವಾಗಿ 7ರಿಂದ 10 ದಿನ. ದೊಡ್ಡ ಮಗುವಿಗೆ ಜ್ವರವಿಲ್ಲದೆ ಮೂತ್ರಕೋಶದ ಸೋಂಕು ಮಾತ್ರ ಆಗಿದ್ದರೆ ಕಡಿಮೆ ದಿನ ಸಾಕಾಗುತ್ತದೆ.

ಆಂಟಿಬಯಾಟಿಕ್ ಡೋಸ್ ತೂಕದ ಲೆಕ್ಕ, ಅದನ್ನು ವೈದ್ಯರೇ ಬರೆಯಬೇಕು. ಆದರೆ ಮನೆಯಲ್ಲಿ ಆಗುವ ಎಡವಟ್ಟುಗಳು ಬೇರೆಯೇ ಇವೆ.

ಈ ಔಷಧಿಗಳಲ್ಲಿ ಹೆಚ್ಚಿನವು ಪುಡಿಯ ರೂಪದಲ್ಲಿ ಬಾಟಲಿಯಲ್ಲಿರುತ್ತವೆ, ನೀರು ಬೆರೆಸಬೇಕು. ಬಾಟಲಿಯನ್ನು ಮೊದಲು ಕುಲುಕಿ ಪುಡಿಯನ್ನು ಸಡಿಲಗೊಳಿಸಿ. ಜೊತೆಗೆ ಬಂದ ನೀರನ್ನು, ಇಲ್ಲವೇ ಕುದಿಸಿ ಆರಿಸಿದ ನೀರನ್ನು ಗುರುತಿಗಿಂತ ಸ್ವಲ್ಪ ಕೆಳಗಿನವರೆಗೆ ಹಾಕಿ ಚೆನ್ನಾಗಿ ಕುಲುಕಿ. ನೊರೆ ಇಳಿದ ಮೇಲೆ ಮತ್ತೆ ಗುರುತಿನ ತನಕ ತುಂಬಿಸಿ. ನೊರೆಯನ್ನೇ ಮಟ್ಟವೆಂದು ನೋಡಿದರೆ ನೀರು ಕಡಿಮೆಯಾಗಿ ಔಷಧಿ ಗಟ್ಟಿಯಾಗುತ್ತದೆ, ಪ್ರತಿ ಡೋಸೂ ಹೆಚ್ಚಾಗುತ್ತದೆ. ಕೊಡುವ ಮುಂಚೆ ಪ್ರತಿ ಸಲವೂ ಕುಲುಕಿ. ಅಡುಗೆಮನೆಯ ಚಮಚ ಬೇಡ, ಅಳತೆಯ ಸಿರಿಂಜು ಬಳಸಿ.

ಇನ್ನೊಂದು, ಇದನ್ನು ಬಹಳ ಮನೆಗಳಲ್ಲಿ ಕಂಡಿದ್ದೇನೆ. 30 ಮಿಲಿಲೀಟರ್ ಬಾಟಲಿ ಮೂರು ನಾಲ್ಕು ದಿನಕ್ಕೆ ಮುಗಿಯುತ್ತದೆ. ಅಷ್ಟರಲ್ಲಿ ಜ್ವರವೂ ಇಳಿದಿರುತ್ತದೆ. ಬಾಟಲಿ ಖಾಲಿಯಾಯಿತು, ಕೋರ್ಸ್ ಮುಗಿಯಿತು ಎಂದುಕೊಳ್ಳುತ್ತಾರೆ. ಮುಗಿದಿರುವುದಿಲ್ಲ. ಔಷಧಿ ಕೊಳ್ಳುವ ದಿನವೇ ಇಡೀ ಕೋರ್ಸ್‌ಗೆ ಎಷ್ಟು ಬಾಟಲಿ ಬೇಕೆಂದು ಲೆಕ್ಕ ಹಾಕಿಸಿ ಅಷ್ಟನ್ನೂ ತನ್ನಿ. ಎರಡನೆಯ ಬಾಟಲಿಗೆ ಬೇಕಾದಾಗ ಮಾತ್ರ ನೀರು ಬೆರೆಸಿ, ಏಕೆಂದರೆ ಬೆರೆಸಿದ ಮೇಲೆ ಅದು ಬೇಗ ಕೆಡುತ್ತದೆ. ಅಮಾಕ್ಸಿಸಿಲಿನ್-ಕ್ಲಾವುಲನೇಟ್ ಆದರೆ ಫ್ರಿಜ್ಜಿನಲ್ಲಿಟ್ಟು ಏಳು ದಿನದೊಳಗೆ ಮುಗಿಸಬೇಕು. ಬೇರೆಯದಾದರೆ ಲೇಬಲ್ ಓದಿ.

ಜ್ವರಕ್ಕೆ ಪ್ಯಾರಾಸಿಟಮಾಲ್ ಸಾಕು. ಮಗುವಿನ ತೂಕದ ಪ್ರತಿ ಕಿಲೋಗೆ 10ರಿಂದ 15 ಮಿಲಿಗ್ರಾಂ. ಎರಡು ಡೋಸ್‌ಗಳ ನಡುವೆ ಕನಿಷ್ಠ ನಾಲ್ಕು ಗಂಟೆ, ದಿನಕ್ಕೆ ನಾಲ್ಕು ಡೋಸ್ ಮೀರದಿರಲಿ. ಮೂರು ತಿಂಗಳೊಳಗಿನ ಕೂಸಿಗೆ ವೈದ್ಯರನ್ನು ಕೇಳದೆ ಕೊಡಬೇಡಿ. ಸಾಮಾನ್ಯವಾಗಿ ಸಿಗುವ ಡ್ರಾಪ್ಸ್‌ನ ಒಂದು ಮಿಲಿಲೀಟರ್‌ನಲ್ಲಿ 100 ಮಿಲಿಗ್ರಾಂ ಇರುತ್ತದೆ. ಸಿರಪ್ ಆದರೆ ಐದು ಮಿಲಿಲೀಟರ್‌ನಲ್ಲಿ 120, 125 ಅಥವಾ 250 ಇರುತ್ತದೆ. ಸಿರಪ್‌ನ ಅಳತೆಯಲ್ಲಿ ಡ್ರಾಪ್ಸ್ ಕುಡಿಸಿದರೆ ಡೋಸ್ ಎರಡರಿಂದ ನಾಲ್ಕು ಪಟ್ಟಾಗುತ್ತದೆ, ಯಕೃತ್ತಿಗೆ ಅಪಾಯ. ಬಾಟಲಿಯ ಮೇಲಿನ ಅಂಕಿ ಓದಿಯೇ ಕೊಡಿ. ವಾಂತಿಯಾಗಿ ನೀರಿನಂಶ ಕಳೆದುಕೊಂಡ ಮಗುವಿಗೆ ಐಬುಪ್ರೊಫೆನ್ ಬೇಡ, ಅದು ಮೂತ್ರಪಿಂಡಕ್ಕೆ ಇನ್ನಷ್ಟು ಭಾರ.

ಸರಿಯಾದ ಔಷಧಿ ಸಿಕ್ಕರೆ 48 ಗಂಟೆಯಲ್ಲಿ ಜ್ವರ ಇಳಿಮುಖವಾಗುತ್ತದೆ. ಇಳಿಯದಿದ್ದರೆ 'ಇನ್ನೂ ಎರಡು ದಿನ ನೋಡೋಣ' ಎನ್ನದೆ ಮತ್ತೆ ತೋರಿಸಿ. ಔಷಧಿ ಬದಲಿಸಬೇಕಾಗಬಹುದು, ಸ್ಕ್ಯಾನ್ ಬೇಕಾಗಬಹುದು. ಮಗು ಚೇತರಿಸಿಕೊಂಡಿದ್ದರೆ ಕೋರ್ಸ್ ಮುಗಿದ ಮೇಲೆ ಮತ್ತೊಮ್ಮೆ ಕಲ್ಚರ್ ಸಾಮಾನ್ಯವಾಗಿ ಬೇಕಿಲ್ಲ.

5. ಯಾವ ಸ್ಕ್ಯಾನ್, ಯಾರಿಗೆ

ನಮ್ಮಲ್ಲಿ ಮೊದಲ ಸೋಂಕಿನ ನಂತರ ಅಲ್ಟ್ರಾಸೌಂಡ್ ಮಾಡಿಸುವುದು ರೂಢಿ. ಸೂಜಿಯಿಲ್ಲ, ವಿಕಿರಣವಿಲ್ಲ, ಮಾಡಿಸಿಬಿಡಿ. ಉಳಿದ ಎರಡು ಎಲ್ಲರಿಗೂ ಬೇಡ. ಎಂಸಿಯು ಎಂದರೆ ಮೂತ್ರಕೋಶಕ್ಕೆ ನಳಿಕೆಯಿಂದ ಎಕ್ಸ್‌ರೇಯಲ್ಲಿ ಕಾಣುವ ದ್ರವ ತುಂಬಿ, ಮಗು ಮೂತ್ರ ಮಾಡುವಾಗ ಎಕ್ಸ್‌ರೇ ತೆಗೆಯುವುದು. ಅಲ್ಟ್ರಾಸೌಂಡ್‌ನಲ್ಲಿ ದೋಷ ಕಂಡರೆ, ಜ್ವರದ ಸೋಂಕು ಮರುಕಳಿಸಿದರೆ, ಅಥವಾ ಎಳೆಯ ಮಗುವಿನಲ್ಲಿ ಇ. ಕೋಲಿ ಅಲ್ಲದ ಬ್ಯಾಕ್ಟೀರಿಯಾ ಸಿಕ್ಕರೆ ವೈದ್ಯರು ಇದನ್ನು ಹೇಳುತ್ತಾರೆ. ಮೂತ್ರ ಹಿಮ್ಮುಖವಾಗಿ ಮೂತ್ರಪಿಂಡದತ್ತ ಏರುವ ದೋಷ, ಅಂದರೆ ರಿಫ್ಲಕ್ಸ್, ಇದೆಯೇ ಎಂದು ಇದರಿಂದ ತಿಳಿಯುತ್ತದೆ. ಅದಕ್ಕೆ ಒಂದರಿಂದ ಐದರವರೆಗೆ ದರ್ಜೆಗಳಿವೆ. ಕೆಳದರ್ಜೆಯದು ಮಗು ಬೆಳೆದಂತೆ ಬಹುತೇಕ ತಾನಾಗಿ ಸರಿಹೋಗುತ್ತದೆ. ಡಿಎಂಎಸ್‌ಎ ಸ್ಕ್ಯಾನ್ ಮೂತ್ರಪಿಂಡದ ಕಲೆ ತೋರಿಸುತ್ತದೆ. ಇದನ್ನು ಸೋಂಕು ಕಳೆದು ನಾಲ್ಕರಿಂದ ಆರು ತಿಂಗಳ ಮೇಲೆ ಮಾಡಿಸಬೇಕು. ಅವಸರ ಮಾಡಿದರೆ ಸೋಂಕಿನ ತಾತ್ಕಾಲಿಕ ಗುರುತೂ ಕಲೆಯಂತೆ ಕಾಣುತ್ತದೆ.

ದಿನಾ ರಾತ್ರಿ ಸಣ್ಣ ಡೋಸ್ ಆಂಟಿಬಯಾಟಿಕ್ ತಿಂಗಳುಗಟ್ಟಲೆ ಬೇಕೇ ಎಂದು ಹಲವರು ಕೇಳುತ್ತಾರೆ. ಅಮೆರಿಕದಲ್ಲಿ ರಿಫ್ಲಕ್ಸ್ ಇದ್ದ 607 ಮಕ್ಕಳ ಮೇಲೆ ನಡೆದು 2014ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಹೀಗೆ ಕೊಟ್ಟಾಗ ಮರುಸೋಂಕು ಅರ್ಧಕ್ಕಿಳಿಯಿತು, ಆದರೆ ಹೊಸ ಕಲೆಗಳ ಪ್ರಮಾಣದಲ್ಲಿ ವ್ಯತ್ಯಾಸ ಕಾಣಲಿಲ್ಲ. ಹಾಗಾಗಿ ಮೇಲ್ದರ್ಜೆಯ ರಿಫ್ಲಕ್ಸ್‌ನಂಥ ಆಯ್ದ ಮಕ್ಕಳಿಗಷ್ಟೇ ಅದು.

6. ಮತ್ತೆ ಬಾರದಂತೆ

ಶಾಲೆಗೆ ಹೋಗುವ ಮಕ್ಕಳಲ್ಲಿ ಸೋಂಕು ಮರುಕಳಿಸಲು ನಾನು ಹೆಚ್ಚಾಗಿ ಕಾಣುವ ಕಾರಣಗಳು ಎರಡು: ಮೂತ್ರ ಕಟ್ಟಿಕೊಳ್ಳುವುದು ಮತ್ತು ಮಲಬದ್ಧತೆ.

ಬೆಳಿಗ್ಗೆ ಎಂಟಕ್ಕೆ ಮನೆ ಬಿಟ್ಟ ಹುಡುಗಿ ಸಂಜೆ ನಾಲ್ಕಕ್ಕೆ ಮನೆಗೆ ಬಂದು, ಚಪ್ಪಲಿಯನ್ನೂ ಬಿಡದೆ ಶೌಚಾಲಯಕ್ಕೆ ಓಡುತ್ತಾಳೆ. ನೀರಿನ ಬಾಟಲಿ ತುಂಬಿದಂತೆಯೇ ಹಿಂದೆ ಬಂದಿರುತ್ತದೆ. ಶಾಲೆಯ ಶೌಚಾಲಯದಲ್ಲಿ ಚಿಲಕವಿಲ್ಲ, ನೀರಿಲ್ಲ, ವಾಸನೆ. ತರಗತಿಯ ನಡುವೆ ಕೇಳಿದರೆ ಬೈಗುಳ. ಮಗುವಿಗೆ ಉಪದೇಶ ಹೇಳುವ ಮೊದಲು ಒಮ್ಮೆ ಆ ಶೌಚಾಲಯವನ್ನು ನೀವೇ ಹೋಗಿ ನೋಡಿ. ಪೋಷಕರ ಸಭೆಯಲ್ಲಿ, ಸರ್ಕಾರಿ ಶಾಲೆಯಾದರೆ ಎಸ್‌ಡಿಎಂಸಿಯಲ್ಲಿ, ಅಂದರೆ ಶಾಲಾಭಿವೃದ್ಧಿ ಸಮಿತಿಯಲ್ಲಿ, ಅಂಕಗಳ ಮಾತಿನ ಜೊತೆಗೆ ಇದನ್ನೂ ಎತ್ತಿ. ಎರಡು ಮೂರು ಗಂಟೆಗೊಮ್ಮೆ ಕೇಳದೆಯೇ ಹೋಗಲು ಅನುಮತಿ ಕೊಡಬೇಕೆಂದು ವೈದ್ಯರಿಂದ ಚೀಟಿ ಬರೆಸಿ ತರಗತಿಯ ಶಿಕ್ಷಕರಿಗೆ ಕೊಡಿ. ಚೀಟಿ ನೋಡಿದ ಮೇಲೆ ಇಲ್ಲವೆನ್ನುವ ಶಿಕ್ಷಕರು ವಿರಳ.

ಮನೆಯಲ್ಲಿ ಮೂತ್ರ ಮಾಡುವಾಗ ಅವಸರ ಬೇಡ. ಕಮೋಡ್ ಆದರೆ ಕಾಲಡಿ ಮಣೆಯಿಟ್ಟು ಪಾದ ಊರುವಂತೆ ಮಾಡಿ, ಕಾಲು ತೂಗಾಡಿದರೆ ಮೂತ್ರಕೋಶ ಪೂರ್ತಿ ಖಾಲಿಯಾಗುವುದಿಲ್ಲ. ಒಮ್ಮೆ ಮಾಡಿ ಎದ್ದು, ಒಂದೆರಡು ನಿಮಿಷ ಬಿಟ್ಟು ಮತ್ತೊಮ್ಮೆ ಕೂರಿಸಿ. ಹೆಣ್ಣುಮಕ್ಕಳಿಗೆ ಮುಂದಿನಿಂದ ಹಿಂದಕ್ಕೆ ತೊಳೆಯುವುದನ್ನು ಕಲಿಸಿ.

ಮಲಬದ್ಧತೆಯನ್ನು ಮನೆಯವರು ಗಮನಿಸುವುದೇ ಇಲ್ಲ. ತುಂಬಿದ ದೊಡ್ಡ ಕರುಳು ಪಕ್ಕದ ಮೂತ್ರಕೋಶವನ್ನು ಒತ್ತುತ್ತದೆ, ಒಳಗೆ ಮೂತ್ರ ಉಳಿಯುತ್ತದೆ, ಉಳಿದ ಮೂತ್ರದಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತದೆ. ಹೊಟ್ಟೆ ತುಂಬ ಹಾಲು ಕುಡಿದು, ಬಿಸ್ಕತ್ತು ತಿಂದು, ಊಟ ಬೇಡವೆನ್ನುವ ಮಗುವಿನಲ್ಲಿ ಇದು ಸಾಮಾನ್ಯ. ಹಾಲು ಕಡಿಮೆ ಮಾಡಿ ರಾಗಿ, ಸೊಪ್ಪು, ಹೆಸರುಕಾಳು, ಪಪ್ಪಾಯಿ, ಸೀಬೆ ಹೆಚ್ಚಿಸಿ. ಊಟವಾದ ಮೇಲೆ ಐದು ಹತ್ತು ನಿಮಿಷ ಶೌಚಕ್ಕೆ ಕೂರಿಸಿ. ಇಷ್ಟಕ್ಕೆ ಬಗ್ಗದಿದ್ದರೆ ಮಲ ಮೆತ್ತಗಾಗಿಸುವ ಔಷಧಿಯನ್ನು ವೈದ್ಯರು ತಿಂಗಳುಗಟ್ಟಲೆ ಕೊಡಬೇಕಾಗಬಹುದು. ನಾಲ್ಕು ದಿನಕ್ಕೆ ನಿಲ್ಲಿಸಿದರೆ ಮತ್ತೆ ಶುರುವಾಗುತ್ತದೆ.

ಗಂಡು ಕೂಸಿಗೆ ಎಣ್ಣೆ ನೀರು ಹಾಕುವಾಗ ಮುಂದೊಗಲನ್ನು ಬಲವಂತವಾಗಿ ಹಿಂದಕ್ಕೆ ಎಳೆಯುವ ಪದ್ಧತಿ ಕೆಲವೆಡೆ ಇದೆ. ಅಜ್ಜಿಯರಿಗೆ ನೋವಾಗದಂತೆ, ಆದರೆ ಸ್ಪಷ್ಟವಾಗಿ ಬೇಡವೆನ್ನಿ. ಎಳೆಯ ವಯಸ್ಸಿನಲ್ಲಿ ಅದು ಅಂಟಿಕೊಂಡಿರುವುದೇ ಸಹಜ. ಎಳೆದರೆ ಹರಿದು, ಗಾಯ ಒಣಗುವಾಗ ಬಿಗಿಯಾಗಿ, ಇಲ್ಲದ ತೊಂದರೆ ಹುಟ್ಟುತ್ತದೆ. ಹೊರಗಿನಿಂದ ನೀರು ಹಾಕಿದರೆ ಸಾಕು.

ಒಮ್ಮೆ ಸೋಂಕಾದ ಮಗುವಿಗೆ ಮುಂದೆ ಕಾರಣ ಕಾಣದ ಜ್ವರ ಬಂದರೆ 48 ಗಂಟೆಯೊಳಗೆ ಮೂತ್ರ ಪರೀಕ್ಷೆ ಮಾಡಿಸಿ. ಮನೆಯಲ್ಲಿ ಒಂದು ಸ್ಟೆರೈಲ್ ಡಬ್ಬಿ ಇಟ್ಟುಕೊಂಡಿರಿ. ಮೂತ್ರಪಿಂಡದಲ್ಲಿ ಕಲೆ ಇದೆ ಎಂದು ತಿಳಿದಿದ್ದರೆ ವರ್ಷಕ್ಕೊಮ್ಮೆಯಾದರೂ ಮಗುವಿನ ರಕ್ತದೊತ್ತಡ ಅಳೆಸಿ, ತೋಳಿಗೆ ಸುತ್ತುವ ಮಕ್ಕಳ ಅಳತೆಯ ಪಟ್ಟಿಯಿಂದಲೇ ಅಳೆಯಬೇಕು ಎಂದು ಕೇಳಿ. ಜೊತೆಗೆ ಎತ್ತರ, ತೂಕ, ಮೂತ್ರದಲ್ಲಿ ಪ್ರೋಟೀನ್ ಸೋರುತ್ತಿದೆಯೇ ಎಂಬ ಪರೀಕ್ಷೆ. ಪ್ರತಿ ಸೋಂಕಿನ ತಾರೀಖು, ಮಾದರಿ ತೆಗೆದ ವಿಧಾನ, ಕಲ್ಚರ್ ವರದಿ, ಕೊಟ್ಟ ಔಷಧಿಯ ಹೆಸರು ಮತ್ತು ದಿನಗಳು, ಸ್ಕ್ಯಾನ್ ಚಿತ್ರಗಳು ಒಂದೇ ಫೈಲಿನಲ್ಲಿರಲಿ, ಮೊಬೈಲಿನಲ್ಲೂ ಫೋಟೊ ಇರಲಿ. ಊರು ಬದಲಾದಾಗ, ರಾತ್ರಿ ಬೇರೆ ಆಸ್ಪತ್ರೆಗೆ ಓಡಬೇಕಾದಾಗ ಹೊಸ ವೈದ್ಯರು ಮೊದಲು ಕೇಳುವುದು ಹಿಂದಿನ ಕಲ್ಚರ್ ವರದಿಯನ್ನು.